ಹೊಸ ಕ್ಲಾಸ್ ಬಂದರೆ ಪಕ್ಕದವರಿಗೆ ಏನು ಉಳಿಯುತ್ತದೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವ ನಮ್ಮ ಗುಂಪಿಗೆ ಈ ಮಳೆಗಾಲದಲ್ಲಿ ಒಂದು ಹೊಸ ಕ್ಲಾಸ್, ಅಂದರೆ ಹೊಸ ಬಗೆಯ ಪಾತ್ರ, ಬಂದಿದೆ. ಹೆಸರು ಜೇನುಗಾರ. ಬರೆದವಳು ನಮ್ಮ ಜೊತೆಯಲ್ಲೇ ಆಡುವ ಹುಡುಗಿ. ಮನೆ ಭಾಗಮಂಡಲದ ಕಡೆ. ತೋಟದಲ್ಲಿ ಜೇನುಪೆಟ್ಟಿಗೆ ಇಟ್ಟಿರುವ ಮನೆ. ತುಡುವೆ ಯಾವುದು, ಹೆಜ್ಜೇನು ಯಾವುದು, ಹೊಗೆ ಹಾಕಿದರೆ ಹುಳ ಏನು ಮಾಡುತ್ತದೆ ಅನ್ನೋದೆಲ್ಲ ಅವಳಿಗೆ ಚೆನ್ನಾಗಿ ಗೊತ್ತು. ಹಾಳೆ ತುಂಬ ಬರೆದು ತಂದು ಮೇಜಿನ ಮೇಲಿಟ್ಟಳು. "ಅಣ್ಣಾ, ಇದನ್ನ ಆಡಬಹುದಾ?" ಅಂತ ಕೇಳಿದಳು.

ಆಟ ನಡೆಸುವ ಡಿಎಂಗೆ, ಅಂದರೆ ಡಂಜನ್ ಮಾಸ್ಟರ್‌ಗೆ, ಇದು ಸುಲಭದ ಪ್ರಶ್ನೆ ಅಲ್ಲ. ಬೇಡ ಅಂದರೆ ಒಂದು ಚಂದದ ಕಲ್ಪನೆಯನ್ನು ಮೊಳಕೆಯಲ್ಲೇ ಚಿವುಟಿದ ಹಾಗೆ. ನೋಡದೆ ಹೂಂ ಅಂದರೆ, ಒಂದು ತಿಂಗಳಲ್ಲಿ ಫೈಟರ್ ಆಡುವವನು ತನ್ನ ಸರದಿ ಬರುವವರೆಗೆ ಮೊಬೈಲ್ ನೋಡುತ್ತಾ ಕೂರುತ್ತಾನೆ. ಹೂಂ ಅನ್ನುವ ಮೊದಲು ಏನನ್ನು ನೋಡಬೇಕು? ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಈ ಆಟ ಗೊತ್ತಿಲ್ಲದವರಿಗೆ ಮೊದಲು ನಾಲ್ಕು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ ಆಟಗಳಲ್ಲಿ ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಡಿಎಂ. ಕಾಡು, ಊರು, ಶತ್ರು, ಮಳೆ ಎಲ್ಲವೂ ಅವರ ಬಾಯಿಂದ ಬರುತ್ತದೆ. ಉಳಿದವರಿಗೆ ತಲಾ ಒಂದು ಪಾತ್ರ. ಗೆದ್ದಿದ್ದೋ ಸೋತಿದ್ದೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪಾತ್ರಕ್ಕೆ ಏನೇನು ಬರುತ್ತದೆ ಅಂತ ಹೇಳುವ ಕಟ್ಟು ಇದೆಯಲ್ಲ, ಅದೇ ಕ್ಲಾಸ್. ಫೈಟರ್ ಕತ್ತಿ ಹಿಡಿಯುತ್ತಾನೆ. ರೋಗ್ ಕದ್ದು ಹೋಗಿ ಬೀಗ ತೆಗೆಯುತ್ತಾನೆ. ವಿಝರ್ಡ್ ಮಂತ್ರ ಹಾಕುತ್ತಾನೆ. ಆಡುತ್ತಾ ಹೋದ ಹಾಗೆ ಲೆವೆಲ್ ಏರುತ್ತದೆ, ಹೊಸ ಶಕ್ತಿ ಸೇರುತ್ತದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟವನ್ನು ಹೊರತಂದಾಗ ಇದ್ದದ್ದು ಮೂರೇ ಕ್ಲಾಸ್. ಯೋಧ, ಮಂತ್ರಗಾರ, ದೇವರ ಬಲದಿಂದ ಮಂತ್ರ ಹಾಕುವ ಕ್ಲೆರಿಕ್. ಆಗಿನ ತೂಕದ ಲೆಕ್ಕ, ಅಂದರೆ ಒಂದು ಕ್ಲಾಸ್‌ನ ಬಲ ಇನ್ನೊಂದಕ್ಕೆ ಸಮ ಇರುವಂತೆ ನೋಡಿಕೊಳ್ಳುವ ರೀತಿಯೇ ಬೇರೆ. ಎರಡನೇ ಲೆವೆಲ್‌ಗೆ ಹೋಗಲು ಯೋಧನಿಗೆ 2,000 ಅನುಭವ ಅಂಕ ಸಾಕು, ಮಂತ್ರಗಾರನಿಗೆ 2,500 ಬೇಕು. ಮಂತ್ರಗಾರ ಶುರುವಿನಲ್ಲಿ ಒಂದೇ ಏಟಿಗೆ ಸಾಯುವಂಥವನು. ಬದುಕಿ ಮೇಲೆ ಬಂದರೆ ಅವನನ್ನು ಹಿಡಿಯುವವರಿಲ್ಲ. ಅಂದರೆ ಇಡೀ ಆಯಸ್ಸಿನ ಮೇಲೆ ತೂಕ ಸರಿ ಮಾಡಿದ್ದರು. ವರ್ಷಗಟ್ಟಲೆ ಒಂದೇ ಪಾತ್ರ ಆಡುವವರಿಗೆ ಅದು ಸರಿ. ಆರು ತಿಂಗಳಲ್ಲಿ ಮುಗಿಯುವ ಆಟಕ್ಕೆ ಅದು ನ್ಯಾಯ ಅಲ್ಲ.

1975ರಲ್ಲಿ ಥೀಫ್ ಅಂದರೆ ಕಳ್ಳನ ಕ್ಲಾಸ್ ಸೇರಿತು. ಬೀಗ ತೆಗೆಯುವುದು, ಬಲೆ ಬಿಚ್ಚುವುದು, ಅಡಗಿಕೊಳ್ಳುವುದು, ಇಂಥ ಕೆಲಸಗಳಿಗೆ ಲೆವೆಲ್‌ಗೆ ಇಷ್ಟು ಅಂತ ಶೇಕಡಾ ಲೆಕ್ಕ ಕೊಟ್ಟರು. ಬಲದಲ್ಲಿ ನೋಡಿದರೆ ಅವನು ಬಡಪಾಯಿ. ಆದರೆ ಅವನು ಬಂದ ಮೇಲೆ ಹಳೆಯ ಆಟಗಾರರಲ್ಲಿ ಒಂದು ದೂರು ಹುಟ್ಟಿತು. ಅದುವರೆಗೆ ಯೋಧನೂ ಕತ್ತಲಲ್ಲಿ ಮೆಲ್ಲಗೆ ನಡೆದು ಅಡಗಬಹುದಿತ್ತು. ಹೇಗೆ ಅಂತ ಬಾಯಲ್ಲಿ ಹೇಳಿದರೆ ಸಾಕಿತ್ತು. ಈಗ ಆ ಕೆಲಸಕ್ಕೆ ಒಬ್ಬ ಮಾಲೀಕ ಬಂದ. ಹೊಸ ಕ್ಲಾಸ್ ಮೇಜಿನ ಮೇಲೆ ಎಷ್ಟು ಜೋರು ಅನ್ನೋದಕ್ಕಿಂತ, ಅದು ಯಾರ ಕೈಯಿಂದ ಏನನ್ನು ಕಿತ್ತುಕೊಳ್ಳುತ್ತದೆ ಅನ್ನೋದು ದೊಡ್ಡ ಪ್ರಶ್ನೆ. ಐವತ್ತು ವರ್ಷ ಕಳೆದರೂ ಈ ಪ್ರಶ್ನೆ ಹಳತಾಗಿಲ್ಲ.

ಜೇನುಗಾರನ ಹಾಳೆ ಬಿಚ್ಚುವ ಮೊದಲು ಇನ್ನೊಂದು ಮಾತು. ಹೊಸ ಕ್ಲಾಸ್ ನಿಜವಾಗಿ ಬೇಕಾ ಅಂತ ಮೊದಲೇ ಕೇಳಿಕೊಳ್ಳಬೇಕು. ಕೊಡಗಿನಲ್ಲಿ ಆಡುವವರಿಗೆ ಒಡಿಕತ್ತಿ ಹಿಡಿದ ಪಾತ್ರ ಬೇಕು ಅನ್ನಿಸುವುದು ಸಹಜ. ಕೈಲ್ ಮುಹೂರ್ತದ ದಿನ ಪೂಜೆಗೆ ಇಟ್ಟ ಕತ್ತಿ ನೋಡಿ ಬೆಳೆದವರು ತಾನೇ. ಆದರೆ ಅದಕ್ಕೆ ಹೊಸ ಕ್ಲಾಸ್ ಯಾಕೆ? ಫೈಟರ್ ತಗೊಳ್ಳಿ, ಅವನ ಕತ್ತಿಗೆ ಒಡಿಕತ್ತಿ ಅಂತ ಹೆಸರಿಡಿ, ಬೆನ್ನಿನ ಕೊಕ್ಕೆಯಾದ ತೋಡಂಗ್‌ಗೆ ಸಿಕ್ಕಿಸಿ, ದಾಳ ಅದೇ ಇರಲಿ. ಅಂಕೆ ಬದಲಾಗಿಲ್ಲ, ಹಾಗಾಗಿ ತೂಕವೂ ಕೆಡಲಿಲ್ಲ. ಜನ ತರುವ ಎಷ್ಟೋ ಹೊಸ ಕ್ಲಾಸ್‌ಗಳು ಇಲ್ಲೇ ಮುಗಿಯುತ್ತವೆ. ಅವರಿಗೆ ಬೇಕಾಗಿದ್ದು ಹೊಸ ಬಟ್ಟೆ, ಹೊಸ ನಿಯಮ ಅಲ್ಲ.

ಜೇನುಗಾರನಿಗೆ ಮಾತ್ರ ಈ ದಾರಿ ಹಿಡಿಸುವುದಿಲ್ಲ. ಹುಳದ ಹಿಂಡನ್ನು ಕಳಿಸುವುದು, ಕರೆಯುವುದು, ಅದನ್ನು ಸಮಾಧಾನ ಮಾಡುವುದು, ಇಷ್ಟನ್ನೂ ಮಾಡುವ ಕ್ಲಾಸ್ ಇರುವುದರಲ್ಲಿ ಸಿಗಲಿಲ್ಲ. ಹೆಸರಿನ ಬಗ್ಗೆಯೂ ಅವಳು ಯೋಚನೆ ಮಾಡಿದ್ದಳು. ಜೇನು ಕುರುಬರ ಹೆಸರನ್ನು ಕ್ಲಾಸ್‌ಗೆ ಇಡಲಿಲ್ಲ. ಇಲ್ಲೇ ಪಕ್ಕದಲ್ಲಿ ಬದುಕುವ ಜನರನ್ನು ನಾಲ್ಕು ಅಂಕೆಗೆ ಇಳಿಸಬಾರದು ಅನ್ನೋದು ಅವಳ ಮಾತು. ನನಗೂ ಅದು ತುಂಬಾ ಸರಿ ಅನ್ನಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. ನಾವು ಆಡುವುದು 2014ರಲ್ಲಿ ಬಂದ ಐದನೇ ಆವೃತ್ತಿ. 2024ರಲ್ಲಿ ಅದರ ಪರಿಷ್ಕೃತ ರೂಪ ಬಂದಿದೆ, ನಾವಿನ್ನೂ ಹಳೆಯದರಲ್ಲೇ ಇದ್ದೇವೆ. ಅದರ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದಾರೆ. ಹನ್ನೆರಡು ಕ್ಲಾಸ್‌ಗಳೂ ಅದರಲ್ಲಿವೆ. ಹೊಸದನ್ನು ಬರೆಯುವವರಿಗೆ ಹೋಲಿಸಿ ನೋಡಲು ಬೇಕಾದದ್ದೆಲ್ಲ ಪುಕ್ಕಟೆ ಸಿಗುತ್ತದೆ.

ಹೋಲಿಕೆಗೆ ಐದನೇ ಲೆವೆಲ್ ತೆಗೆದುಕೊಳ್ಳಿ. ಫೈಟರ್‌ಗೆ ಒಂದೇ ಸರದಿಯಲ್ಲಿ ಎರಡು ಏಟು ಬರುವುದು ಅಲ್ಲಿ. ವಿಝರ್ಡ್‌ಗೆ ಫೈರ್‌ಬಾಲ್ ಅನ್ನುವ ಬೆಂಕಿಯ ಮಂತ್ರ ಬರುವುದೂ ಅಲ್ಲೇ. ಎಲ್ಲರ ಬಲವೂ ಒಮ್ಮೆಗೇ ಮೇಲೆ ಹಾರುವ ಜಾಗ ಅದು. ಕ್ಲಾಸ್ ತೂಕ ತಪ್ಪಿದ್ದರೆ ಅಲ್ಲೇ ಕಾಣುತ್ತದೆ.

ಎದುರಾಳಿಯ ಆರ್ಮರ್ ಕ್ಲಾಸ್, ಅಂದರೆ ಏಟು ತಗುಲಲು ಮುಟ್ಟಬೇಕಾದ ಅಂಕೆ, 15 ಅಂದುಕೊಳ್ಳೋಣ. ಫೈಟರ್‌ಗೆ ದಾಳದ ಮೇಲೆ ಸೇರುವುದು +7. ಸ್ಟ್ರೆಂತ್‌ನಿಂದ 4, ಪಳಗಿದ ಕೈಗೆ ಸಿಗುವ ಪ್ರೊಫಿಶಿಯೆನ್ಸಿಯಿಂದ 3. ಹಾಗಾದರೆ 8 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಏಟು ತಗುಲುತ್ತದೆ. ಇಪ್ಪತ್ತರಲ್ಲಿ ಹದಿಮೂರು ಸಲ, ಅಂದರೆ ಶೇ. 65. ದೊಡ್ಡ ಕತ್ತಿಯ ಏಟಿಗೆ ಆರು ಮುಖದ ಎರಡು ದಾಳ, ಸರಾಸರಿ 7. ಅದಕ್ಕೆ ಸ್ಟ್ರೆಂತ್‌ನ 4 ಸೇರಿದರೆ 11. ಎರಡು ಏಟು, ತಗುಲುವ ಸಾಧ್ಯತೆ, 20 ಬಿದ್ದಾಗ ಸಿಗುವ ಹೆಚ್ಚಿನ ದಾಳ ಎಲ್ಲ ಸೇರಿಸಿದರೆ ಒಂದು ಸರದಿಗೆ ಸರಾಸರಿ 15 ಡ್ಯಾಮೇಜ್. ಅದೇ ಲೆವೆಲ್‌ನ ರೋಗ್ ಸಣ್ಣ ಬಿಲ್ಲಿನಿಂದ ಬಾಣ ಬಿಟ್ಟು, ಕದ್ದು ಹೊಡೆಯುವ ಸ್ನೀಕ್ ಅಟ್ಯಾಕ್‌ನ ಮೂರು ದಾಳ ಸೇರಿಸಿದರೆ 12ರ ಮೇಲೆ ಚೂರು.

ಜೇನುಗಾರ? ಅವಳ ಹಾಳೆಯಲ್ಲಿ ಹೀಗಿತ್ತು. ಸರದಿಯ ಮುಖ್ಯ ಕೆಲಸವಾದ ಆಕ್ಷನ್‌ನಲ್ಲಿ ಒಂದು ಬಾಣ. ಅದೇ ಸರದಿಯಲ್ಲಿ ಮೇಲೆ ಸಿಗುವ ಸಣ್ಣ ಕೆಲಸ, ಅಂದರೆ ಬೋನಸ್ ಆಕ್ಷನ್‌ನಲ್ಲಿ, ಹುಳದ ಹಿಂಡು. ಹಿಂಡು ಮುತ್ತಿದರೆ ತಪ್ಪುವ ಮಾತೇ ಇಲ್ಲ, ಎಂಟು ಮುಖದ ಎರಡು ದಾಳದಷ್ಟು ಡ್ಯಾಮೇಜ್. ಜೊತೆಗೆ ಹುಳ ಮುತ್ತಿದವನು ಡಿಸ್‌ಅಡ್ವಾಂಟೇಜ್‌ನಲ್ಲಿ ಹೊಡೆಯಬೇಕು, ಅಂದರೆ ಎರಡು ದಾಳ ಎಸೆದು ಕಡಿಮೆ ಬಿದ್ದದ್ದನ್ನು ತೆಗೆದುಕೊಳ್ಳಬೇಕು. ದಿನಕ್ಕೆ ಇಷ್ಟೇ ಸಲ ಅನ್ನುವ ಮಿತಿ ಇಲ್ಲ. ಬಾಣದಿಂದ ಸರಾಸರಿ 5, ಹುಳದಿಂದ 9. ಒಟ್ಟು 14.

ಫೈಟರ್‌ಗೆ 15, ಜೇನುಗಾರನಿಗೆ 14. ಹೋಮ್‌ಬ್ರೂ ಅಂದರೆ ತಾವೇ ಕಟ್ಟಿದ ನಿಯಮ ಬರೆಯುವವರಲ್ಲಿ ಬಹಳಷ್ಟು ಮಂದಿ ಇಷ್ಟಕ್ಕೇ ಪೆನ್ನು ಕೆಳಗಿಡುತ್ತಾರೆ. ಫೈಟರ್‌ಗಿಂತ ಕಡಿಮೆ ಇದೆ, ಸಾಕಲ್ವಾ ಅಂತ. ಸಾಲದು.

ಎದುರಾಳಿಗೆ ಗಟ್ಟಿ ಕವಚ ಹಾಕಿ ನೋಡಿ. ಆರ್ಮರ್ ಕ್ಲಾಸ್ 19 ಆದರೆ ಫೈಟರ್‌ಗೆ ತಗುಲುವುದು ಶೇ. 45 ಸಲ. ಅವನ ಸರಾಸರಿ 10.6ಕ್ಕೆ ಇಳಿಯುತ್ತದೆ. ಜೇನುಗಾರನ ಬಾಣವೂ ಇಳಿಯುತ್ತದೆ, ಆದರೆ ಹುಳದ 9 ಹಾಗೇ ಉಳಿಯುತ್ತದೆ. ಒಟ್ಟು 12.5. ಕಬ್ಬಿಣ ತೊಟ್ಟ ಸರದಾರ ಎದುರು ಬಂದಾಗ ಮುಂದೆ ಹೆಜ್ಜೆ ಇಡಬೇಕಾದವನು ಯಾರು? ಫೈಟರ್. ಅವನು ಅದಕ್ಕಂತಲೇ ಇದ್ದಾನೆ. ಆ ಹೊತ್ತಿನಲ್ಲೇ ಜೇನುಗಾರ ಅವನನ್ನು ದಾಟಿ ಹೋಗುತ್ತಾನೆ. ಸರಾಸರಿ ಅಂಕೆ ಇದನ್ನು ಮುಚ್ಚಿಟ್ಟಿತ್ತು. ಐದನೇ ಆವೃತ್ತಿಯಲ್ಲಿ ತಪ್ಪದೇ ತಗುಲುವ ಏಟು ತೀರಾ ಕಡಿಮೆ, ಇರುವುದಕ್ಕೂ ಬೆಲೆ ಕಟ್ಟಬೇಕು. ಮ್ಯಾಜಿಕ್ ಮಿಸೈಲ್ ಅನ್ನುವ ಮಂತ್ರ ತಪ್ಪುವುದಿಲ್ಲ, ಆದರೆ ಪ್ರತಿ ಸಲವೂ ಒಂದು ಸ್ಪೆಲ್ ಸ್ಲಾಟ್, ಅಂದರೆ ಎಣಿಸಿ ಕೊಟ್ಟ ಮಂತ್ರದ ಪಾಲು, ಖರ್ಚಾಗುತ್ತದೆ.

"ಜೇನಿಗೆ ಕವಚ ಅಡ್ಡ ಬರುತ್ತಾ ಅಣ್ಣಾ? ಸಂದಿಯಲ್ಲಿ ನುಗ್ಗುತ್ತೆ" ಅಂದಳು. ಹೆಜ್ಜೇನು ಎದ್ದಾಗ ಓಡಿದವರಿಗೆ ಆ ಮಾತು ಚೆನ್ನಾಗಿ ಅರ್ಥವಾಗುತ್ತದೆ. ನಿಜ ಜೀವನದಲ್ಲಿ ಅವಳು ಹೇಳಿದ್ದು ಸರಿ. ಆದರೆ ನಿಜದಲ್ಲಿ ಹೀಗಿದೆ ಅನ್ನೋದು ಮತ್ತು ಆಟದಲ್ಲಿ ಇದಕ್ಕೆ ಎಷ್ಟು ಬೆಲೆ ಅನ್ನೋದು ಬೇರೆ ಬೇರೆ. ನಿಜವನ್ನು ಇಟ್ಟುಕೊಳ್ಳಿ, ಬೆಲೆಯನ್ನೂ ಹಾಕಿ. ಹುಳ ಕವಚವನ್ನು ಲೆಕ್ಕಿಸದಿದ್ದರೆ ಎದುರಾಳಿಯ ದೇಹದಾರ್ಢ್ಯ ಅದನ್ನು ತಡೆಯಲಿ. ಅದಕ್ಕೆ ಕಾನ್‌ಸ್ಟಿಟ್ಯೂಷನ್ ಸೇವ್ ಅಂತ ದಾರಿ ಮೊದಲೇ ಇದೆ, ಏಟು ತಿನ್ನುವವನೇ ದಾಳ ಎಸೆದು ತಡೆದುಕೊಳ್ಳುವುದು.

ಡ್ಯಾಮೇಜ್‌ಗಿಂತ ದೊಡ್ಡ ತೊಂದರೆ ಆ ಡಿಸ್‌ಅಡ್ವಾಂಟೇಜ್. ಶೇ. 60 ಸಲ ಹೊಡೆಯಬಲ್ಲ ಶತ್ರು ಎರಡು ದಾಳದಲ್ಲಿ ಕಡಿಮೆಯದನ್ನು ತೆಗೆದುಕೊಂಡರೆ ಶೇ. 36ಕ್ಕೆ ಬೀಳುತ್ತಾನೆ. ನೂರು ಏಟು ಬೀಸಿದರೆ ಮೊದಲು 60 ತಗುಲುತ್ತಿದ್ದವು, ಈಗ 36. ಖರ್ಚಿಲ್ಲದೆ, ಪ್ರತಿ ಸರದಿ, ಗುಂಪಿನ ಎಲ್ಲರ ಪರವಾಗಿ. ಗುಂಪನ್ನು ಕಾಯುವುದೇ ಕೆಲಸವಾದ ಕ್ಲೆರಿಕ್ ಇದರಷ್ಟು ರಕ್ಷಣೆ ಕೊಡಬೇಕಾದರೆ ಸ್ಲಾಟ್ ಸುಡಬೇಕು. ಡ್ಯಾಮೇಜ್ ಲೆಕ್ಕದ ಹಾಳೆಯಲ್ಲಿ ಇದಕ್ಕೆ ಕಾಲಂ ಇರುವುದೇ ಇಲ್ಲ. ಹಾಕಿ ಹಬ್ಬ ನೋಡಿ ಬೆಳೆದ ಜಿಲ್ಲೆ ನಮ್ಮದು. ಗೋಲ್‌ಕೀಪರ್ ಎಷ್ಟು ಗೋಲು ಹೊಡೆದ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಹೊಸ ಕ್ಲಾಸ್ ಓದುವಾಗಲೂ ತಡೆದದ್ದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ದಿನದ ಲೆಕ್ಕ. ತೂಕ ಕೆಡುವುದು ಜಾಸ್ತಿ ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಐದನೇ ಆವೃತ್ತಿಯಲ್ಲಿ ಎರಡು ಥರದ ವಿಶ್ರಾಂತಿ ಇದೆ. ಶಾರ್ಟ್ ರೆಸ್ಟ್ ಒಂದು ಗಂಟೆ, ಲಾಂಗ್ ರೆಸ್ಟ್ ಎಂಟು ಗಂಟೆ. ಫೈಟರ್‌ನ ಕತ್ತಿಗೆ ವಿಶ್ರಾಂತಿ ಬೇಕಾಗಿಲ್ಲ. ಒಂದೇ ಸರದಿಯಲ್ಲಿ ಇನ್ನೊಂದು ಆಕ್ಷನ್ ಕೊಡುವ ಅವನ ಆಕ್ಷನ್ ಸರ್ಜ್ ಶಾರ್ಟ್ ರೆಸ್ಟ್‌ಗೆ ಮರಳಿ ಬರುತ್ತದೆ. ವಿಝರ್ಡ್‌ನ ಮಂತ್ರಗಳು ಮರಳುವುದು ಲಾಂಗ್ ರೆಸ್ಟ್‌ಗೆ. 2014ರ ಡಿಎಂ ಕೈಪಿಡಿ ಒಂದು ಸಾಹಸದ ದಿನಕ್ಕೆ ಮಧ್ಯಮ ಅಥವಾ ಕಠಿಣ ಮಟ್ಟದ ಆರರಿಂದ ಎಂಟು ಮುಖಾಮುಖಿಗಳನ್ನು ಗುಂಪು ತಡೆಯಬಲ್ಲದು ಅನ್ನುತ್ತದೆ. ನಡುವೆ ಎರಡು ಶಾರ್ಟ್ ರೆಸ್ಟ್. ಕ್ಲಾಸ್‌ಗಳ ತೂಕ ನಿಂತಿರುವುದೇ ಈ ಅಂದಾಜಿನ ಮೇಲೆ.

ನಿಜವಾಗಿ ಆಡುವಾಗ ದಿನಕ್ಕೆ ಆರು ಕಾಳಗ ಯಾರು ಮಾಡುತ್ತಾರೆ? ನಮ್ಮಲ್ಲಂತೂ ಇಲ್ಲ. ಗೋಣಿಕೊಪ್ಪದಿಂದ ಬರುವವರು, ಸೋಮವಾರಪೇಟೆಯಿಂದ ಬರುವವರು, ಬೆಂಗಳೂರಿನಿಂದ ವಾರದ ಕೊನೆಗೆ ಮನೆಗೆ ಬಂದವರು, ಎಲ್ಲ ಸೇರುವ ಹೊತ್ತಿಗೆ ಮಧ್ಯಾಹ್ನ. ಸಂಜೆ ಕತ್ತಲಾಗುವ ಮೊದಲು ಘಾಟಿ ರಸ್ತೆ ದಾಟಬೇಕು. ಕರೆಂಟ್ ಹೋದರೆ ಇನ್ನೂ ಬೇಗ. ಆ ಹೊತ್ತಿನಲ್ಲಿ ಆಗುವುದು ಒಂದು ದೊಡ್ಡ ಕಾಳಗ, ಹೆಚ್ಚೆಂದರೆ ಎರಡು.

ಈಗ ಲೆಕ್ಕ ಹಾಕಿ. ಐದನೇ ಲೆವೆಲ್ ವಿಝರ್ಡ್‌ಗೆ ಮೂರನೇ ಹಂತದ ಸ್ಲಾಟ್ ಎರಡು. ಆರ್ಕೇನ್ ರಿಕವರಿ ಅನ್ನುವ ಶಕ್ತಿಯಿಂದ ಇನ್ನೊಂದು ಮರಳಿ ಪಡೆಯಬಹುದು. ಒಂದು ಫೈರ್‌ಬಾಲ್ ಅಂದರೆ ಆರು ಮುಖದ ಎಂಟು ದಾಳ, ಸರಾಸರಿ 28. ಅದರೊಳಗೆ ಮೂವರು ಸಿಕ್ಕಿ, ಅರ್ಧದಷ್ಟು ಸಲ ಸೇವ್ ಮಾಡಿ ಅರ್ಧ ಏಟಷ್ಟೇ ತಿಂದರೂ ಒಟ್ಟು 63. ಮೂರು ಫೈರ್‌ಬಾಲ್‌ಗೆ 189. ರಿಕವರಿಗೆ ನಡುವೆ ಶಾರ್ಟ್ ರೆಸ್ಟ್ ಬೇಕು. ಒಂದೇ ಕಾಳಗ ಇದ್ದರೆ ಎರಡೇ ಫೈರ್‌ಬಾಲ್, 126. ಅದೇ ನಾಲ್ಕು ಸುತ್ತಿನ ಕಾಳಗದಲ್ಲಿ ಫೈಟರ್ ಆಕ್ಷನ್ ಸರ್ಜ್ ಬಳಸಿಯೂ ಮಾಡುವುದು 75. ವಿಝರ್ಡ್‌ಗೆ ಇನ್ನೂ ಎರಡು ಸುತ್ತು ಬಾಕಿ ಇರುತ್ತದೆ.

ಆರು ಕಾಳಗದ ದಿನದಲ್ಲಿ ಚಿತ್ರವೇ ಬೇರೆ. ಇಪ್ಪತ್ತನಾಲ್ಕು ಸುತ್ತು. ಫೈಟರ್‌ಗೆ 360, ಮೂರು ಆಕ್ಷನ್ ಸರ್ಜ್ ಸೇರಿಸಿದರೆ 405. ವಿಝರ್ಡ್‌ಗೆ ಮೂರು ಫೈರ್‌ಬಾಲ್, ಉಳಿದ ಸುತ್ತುಗಳಲ್ಲಿ ಸ್ಲಾಟ್ ಖರ್ಚಿಲ್ಲದ ಫೈರ್ ಬೋಲ್ಟ್ ಮಂತ್ರ. ಒಟ್ಟು 350ರ ಆಸುಪಾಸು. ಜೊತೆಗೆ ಏಳು ಸಣ್ಣ ಸ್ಲಾಟ್ ಕೈಯಲ್ಲಿ. ಇದು ಸರಿಯಾದ ಜೋಡಿ. ಒಬ್ಬ ದಿನವಿಡೀ ದುಡಿಯುತ್ತಾನೆ, ಒಬ್ಬ ಬೇಕಾದಾಗ ಸಿಡಿಯುತ್ತಾನೆ.

ಹಾಗಾಗಿ ಯಾರಾದರೂ ಹೊಸ ಕ್ಲಾಸ್ ತಂದಾಗ ಅದರ ಶಕ್ತಿಗಳು ಯಾವಾಗ ಮರಳುತ್ತವೆ ಅಂತ ನೋಡುವುದು ನನ್ನ ಮೊದಲ ಕೆಲಸ. ನಿಮ್ಮ ಮೇಜಿನಲ್ಲಿ ದಿನಕ್ಕೆ ಒಂದೇ ಕಾಳಗ ಆದರೆ ಲಾಂಗ್ ರೆಸ್ಟ್‌ಗೆ ಮರಳುವ ಕ್ಲಾಸ್ ಪುಸ್ತಕದಲ್ಲಿ ಕಾಣುವುದಕ್ಕಿಂತ ತುಂಬಾ ಜೋರು. ಇನ್ನೊಬ್ಬರ ಮೇಜಿನಲ್ಲಿ ಅದೇ ಕ್ಲಾಸ್ ಸಾಧಾರಣ. ಕ್ಲಾಸ್ ಒಂದನ್ನು ಮಾತ್ರ ತೂಗಲು ಆಗುವುದಿಲ್ಲ, ಮೇಜಿನ ಜೊತೆಗೇ ತೂಗಬೇಕು. ಯಾರೋ ಎಲ್ಲೋ ಚೆನ್ನಾಗಿದೆ ಅಂದ ಮಾತ್ರಕ್ಕೆ ನಮಗೆ ಒಗ್ಗಬೇಕೆಂದಿಲ್ಲ.

ಜೇನುಗಾರನ ಹಾಳೆಯಲ್ಲಿ ಒಂದು ಸಾಲು ನನಗೆ ತುಂಬಾ ಇಷ್ಟವಾಯಿತು, ಆದರೂ ಅದನ್ನು ತೆಗೆಯಬೇಕಾಯಿತು. "ಮಳೆಯಲ್ಲಿ ಹಿಂಡು ಏಳುವುದಿಲ್ಲ." ಶಕ್ತಿ ಜಾಸ್ತಿ ಆಯಿತು ಅಂತ ಅವಳಿಗೇ ಅನ್ನಿಸಿ ಹಾಕಿದ್ದ ಕಡಿವಾಣ ಅದು. ಜೇನು ಜೋರು ಮಳೆಯಲ್ಲಿ ಹಾರುವುದಿಲ್ಲ, ಸತ್ಯವೇ. ಆದರೆ ನಮ್ಮ ಕಥೆ ನಡೆಯುತ್ತಿರುವುದು ಪುಷ್ಪಗಿರಿಯಂಥ ಒಂದು ಬೆಟ್ಟದಲ್ಲಿ, ಆಟಿ ತಿಂಗಳಲ್ಲಿ. ಆ ಸಾಲು ಇದ್ದರೆ ಅವಳ ಪಾತ್ರ ಕಥೆ ಮುಗಿಯುವವರೆಗೆ ಒಂದು ಬಿಲ್ಲು ಹಿಡಿದು ನಿಂತಿರಬೇಕು. ಅದೇ ಕ್ಲಾಸ್ ಬಯಲುಸೀಮೆಯ ಕಥೆಗೆ ಹೋದರೆ ಆ ಕಡಿವಾಣ ಒಮ್ಮೆಯೂ ಬಿಗಿಯುವುದಿಲ್ಲ. ಇಂಥ ದೌರ್ಬಲ್ಯ ಒಂದೋ ಇದ್ದೂ ಇಲ್ಲದಂತೆ, ಇಲ್ಲವೋ ಪಾತ್ರವನ್ನೇ ಮಲಗಿಸುತ್ತದೆ. ನಡುವಿನ ಜಾಗ ಇಲ್ಲ. ಮೂರನೇ ಆವೃತ್ತಿಯ ಕಾಲದಲ್ಲಿ ರೋಗ್‌ನ ಸ್ನೀಕ್ ಅಟ್ಯಾಕ್ ಸತ್ತು ಎದ್ದವರ ಮೇಲೆ ನಡೆಯುತ್ತಿರಲಿಲ್ಲ. ಹೆಣಗಳೇ ತುಂಬಿದ ಗವಿಯ ಕಥೆಯಲ್ಲಿ ರೋಗ್ ಆಡುವವರು ಸುಮ್ನೆ ಕೂತಿರಬೇಕಿತ್ತು. ಐದನೇ ಆವೃತ್ತಿಯಲ್ಲಿ ಆ ತಡೆ ಇಲ್ಲ, ಒಳ್ಳೆಯದೇ ಆಯಿತು. ಕಡಿವಾಣ ಹಾಕುವುದಾದರೆ ದಿನನಿತ್ಯ ಬಿಗಿಯುವಂಥದ್ದು ಹಾಕಿ. ಎಷ್ಟು ಸಲ, ಎಷ್ಟು ಹೊತ್ತು, ಯಾವ ಆಕ್ಷನ್ ಖರ್ಚು, ಹೀಗೆ.

ಕಾಳಗದ ಆಚೆಗೂ ಆಟ ಇದೆ. ಹುಡುಕಾಟ ಇದೆ, ಮಾತುಕತೆ ಇದೆ. ಅಲ್ಲಿ ತೂಕ ತಪ್ಪಿದ್ದು ಅಂಕೆಯಲ್ಲಿ ಕಾಣುವುದಿಲ್ಲ. 2014ರ ರೇಂಜರ್‌ನನ್ನೇ, ಅಂದರೆ ಕಾಡು ಬಲ್ಲವನ ಕ್ಲಾಸನ್ನೇ, ನೋಡಿ. ತನಗೆ ಒಗ್ಗಿದ ನೆಲ ಕಾಡು ಅಂತ ಆರಿಸಿಕೊಂಡರೆ, ಆ ಕಾಡಿನಲ್ಲಿ ಒಂದು ಗಂಟೆ ಅಥವಾ ಹೆಚ್ಚು ಹೊತ್ತು ಪಯಣ ಮಾಡುವಾಗ ಮಾಟದಿಂದ ಹೊರತು ಅವನ ಗುಂಪು ದಾರಿ ತಪ್ಪುವುದೇ ಇಲ್ಲ. ಕಷ್ಟದ ನೆಲ ನಡಿಗೆಯನ್ನು ನಿಧಾನ ಮಾಡುವುದಿಲ್ಲ. ಆಹಾರ ಹುಡುಕಿದರೆ ಎರಡರಷ್ಟು ಸಿಗುತ್ತದೆ. ಓದಲು ಚೆನ್ನಾಗಿದೆ. ಈಗ ಡಿಎಂ ಜಾಗದಲ್ಲಿ ಕೂತು ನೋಡಿ. ಮಂಜು ಮುಸುಕಿದ ಬೆಟ್ಟ, ಕಾಲಿಗೆ ಹತ್ತುವ ಜಿಗಣೆ, ಕೊಚ್ಚಿಹೋದ ಕಾಲುದಾರಿ, ಆನೆ ದಾಟಿದ ಗುರುತು, ಎಲ್ಲ ಸಿದ್ಧ ಮಾಡಿಕೊಂಡಿದ್ದೀರಿ. ರೇಂಜರ್ ಇದ್ದಾನೆ ಅಂದ ಕೂಡಲೇ ಅದಷ್ಟೂ ಒಂದೇ ಮಾತಿನಲ್ಲಿ ಮುಗಿಯಿತು. "ದಾರಿ ತಪ್ಪಲ್ಲ, ತಲುಪಿದಿರಿ." ಅವನು ಕಾಡಿನಲ್ಲಿ ಮಿಂಚಲಿಲ್ಲ. ಕಾಡೇ ಆಟದಿಂದ ಹೊರಗೆ ಹೋಯಿತು. ಗುಡ್‌ಬೆರಿ ಅನ್ನುವ ಒಂದನೇ ಹಂತದ ಮಂತ್ರವೂ ಇದೇ ಜಾತಿ. ಹತ್ತು ಹಣ್ಣು ಹುಟ್ಟುತ್ತವೆ, ಒಂದೊಂದು ಹಣ್ಣೂ ಒಬ್ಬರ ಒಂದು ದಿನದ ಊಟ. ಹಸಿವಿನ ಕಥೆ ಅಲ್ಲಿಗೆ ಸಮಾಪ್ತಿ. ಕೆಲಸವನ್ನು ಚೆನ್ನಾಗಿ ಮಾಡುವ ಶಕ್ತಿ ಕೊಡಿ. ಕೆಲಸವೇ ಇಲ್ಲದ ಹಾಗೆ ಮಾಡುವ ಶಕ್ತಿ ಕೊಡಬೇಡಿ.

ಒಂದು ಲೆವೆಲ್ ಕಡ ತರುವವರನ್ನೂ ಮರೆಯಬಾರದು. ಒಂದೇ ಪಾತ್ರಕ್ಕೆ ಎರಡು ಕ್ಲಾಸ್ ಬೆರೆಸುವ ಮಲ್ಟಿಕ್ಲಾಸ್ ನಿಯಮ ಇದ್ದರೆ ಯಾರು ಬೇಕಾದರೂ ನಿಮ್ಮ ಕ್ಲಾಸ್‌ನ ಒಂದೇ ಲೆವೆಲ್ ತೆಗೆದುಕೊಂಡು ಹೋಗಬಹುದು. 2017ರಲ್ಲಿ ಬಂದ ಹೆಕ್ಸ್‌ಬ್ಲೇಡ್, ಅಂದರೆ ವಾರ್ಲಾಕ್ ಕ್ಲಾಸ್‌ನ ಒಂದು ಕವಲು, ಅದಕ್ಕೆ ಆಗಿದ್ದು ಅದೇ. ಕತ್ತಿ ಬೀಸಲು ಸ್ಟ್ರೆಂತ್ ಬದಲು ಕರಿಸ್ಮಾ, ಅಂದರೆ ವ್ಯಕ್ತಿತ್ವದ ಬಲ, ಬಳಸುವ ಶಕ್ತಿ ಮೊದಲ ಲೆವೆಲ್‌ನಲ್ಲೇ ಸಿಗುತ್ತಿತ್ತು. ಕರಿಸ್ಮಾ ಮೇಲೆ ನಿಂತ ಯೋಧರಾದ ಪ್ಯಾಲಡಿನ್‌ಗಳೆಲ್ಲ ಒಂದು ಲೆವೆಲ್ ಅಲ್ಲಿಗೆ ಹೋಗಿ ಬಂದರು. ಜೇನುಗಾರನ ಹಿಂಡಿನ ದಾಳ ಏರುವುದು ಜೇನುಗಾರ ಲೆವೆಲ್‌ಗೆ ಮಾತ್ರ, ಪಾತ್ರದ ಒಟ್ಟು ಲೆವೆಲ್‌ಗೆ ಅಲ್ಲ ಅಂತ ಒಂದು ಸಾಲು ಸೇರಿಸಿದರೆ ಆ ಬಾಗಿಲು ಮುಚ್ಚುತ್ತದೆ.

ತೂಕ ಕಡಿಮೆ ಆಗುವುದೂ ಅಷ್ಟೇ ಕೆಟ್ಟದ್ದು. 2014ರ ಬೀಸ್ಟ್ ಮಾಸ್ಟರ್ ರೇಂಜರ್ ಜೊತೆಗಿದ್ದ ಪ್ರಾಣಿ ಕಚ್ಚಬೇಕಾದರೆ ರೇಂಜರ್ ತನ್ನ ಆಕ್ಷನ್ ಬಿಟ್ಟುಕೊಡಬೇಕಿತ್ತು. ನಾಯಿ ಕಚ್ಚಿದರೆ ಒಡೆಯ ಸುಮ್ನೆ ನಿಲ್ಲಬೇಕು. ಪ್ರೀತಿಯಿಂದ ಆರಿಸಿಕೊಂಡವರಿಗೆ ನಿರಾಸೆ ಆಯಿತು. 2020ರಲ್ಲಿ ಐಚ್ಛಿಕ ನಿಯಮವಾಗಿ ಬೋನಸ್ ಆಕ್ಷನ್‌ನಲ್ಲಿ ಆಜ್ಞೆ ಕೊಡುವ ಹೊಸ ಜೊತೆಗಾರ ಪ್ರಾಣಿ ಬಂತು. ಡಿಎಂಗಳು ಹೆದರಿ ಹೊಸ ಕ್ಲಾಸ್‌ನ ಹಲ್ಲೆಲ್ಲ ಕಿತ್ತು ಕೊಡುವುದುಂಟು. ಅದಕ್ಕಿಂತ ಬೇಡ ಅನ್ನುವುದೇ ಮರ್ಯಾದೆ.

ಲೆಕ್ಕ ಎಲ್ಲ ಸರಿಯಾದ ಮೇಲೆ ಆಡಿ ನೋಡಬೇಕು. ಬರೆದವರು ಆಡಬಾರದು, ಬೇರೆಯವರು ಆಡಬೇಕು. ಬರೆದವರ ತಲೆಯಲ್ಲಿ ಹಾಳೆಯ ಮೇಲಿಲ್ಲದ ನಿಯಮಗಳು ಇರುತ್ತವೆ. ಒಂದನೇ ಲೆವೆಲ್, ಐದನೇ ಲೆವೆಲ್, ಹನ್ನೊಂದನೇ ಲೆವೆಲ್ ಮೂರರಲ್ಲೂ ಆಡಿ. ನಾನು ಆಗ ಒಂದು ಗಡಿಯಾರವನ್ನೂ ಮೇಜಿನ ಮೇಲಿಡುತ್ತೇನೆ. ಒಂದು ಸರದಿಗೆ ಎಷ್ಟು ಹೊತ್ತು ಹೋಗುತ್ತದೆ ಅಂತ ನೋಡಲು. ಕಾಡಿನ ಮಂತ್ರ ಹಾಕುವ ಡ್ರೂಯಿಡ್ 2014ರ ನಿಯಮದಲ್ಲಿ ಮೂರನೇ ಹಂತದ ಒಂದು ಮಂತ್ರದಿಂದ ಎಂಟು ತೋಳಗಳನ್ನು ಕರೆಯಬಹುದು. ಎಂಟು ತೋಳ ನಡೆದು, ಎಂಟು ಸಲ ದಾಳ ಎಸೆದು ಮುಗಿಯುವಷ್ಟರಲ್ಲಿ ಮಿಕ್ಕವರು ಕಾಫಿ ಕುಡಿದು ಬಂದಿರುತ್ತಾರೆ. ಡ್ಯಾಮೇಜ್ ಎಷ್ಟೇ ಸರಿಯಿರಲಿ, ಬೇರೆಯವರ ಸಮಯವನ್ನು ತಿನ್ನುವ ಕ್ಲಾಸ್ ತೂಕ ತಪ್ಪಿದ ಕ್ಲಾಸೇ.

ಆಟ ಮುಗಿದ ಮೇಲೆ ಜೇನುಗಾರ ಆಡಿದವರನ್ನು ಮಾತ್ರ ಕೇಳಿ ಬಿಡಬೇಡಿ. ಅವರಿಗೆ ಖುಷಿಯಾಗಿಯೇ ಇರುತ್ತದೆ. ಪಕ್ಕದಲ್ಲಿದ್ದವರನ್ನು ಕೇಳಿ. "ಇವತ್ತು ನಿನ್ನ ಪಾತ್ರ ಇಲ್ಲದಿದ್ದರೆ ಏನು ನಡೀತಿರಲಿಲ್ಲ?" ಅಂತ. ಉತ್ತರ ತಟ್ಟನೆ ಬಂದರೆ ಸರಿ. ತಡವರಿಸಿದರೆ ಹಾಳೆಯನ್ನು ಮತ್ತೆ ಬಿಚ್ಚಬೇಕು.

ನಮ್ಮಲ್ಲಿ ಹಾಗೆ ತಡವರಿಸಿದ್ದು ರೋಗ್. ಕಾರಣ ಕಾಳಗ ಆಗಿರಲಿಲ್ಲ. ಜೇನುಗಾರ ಹುಳಗಳನ್ನು ಒಂದು ಮೈಲಿ ಸುತ್ತ ಕಳಿಸಿ ಅಲ್ಲಿರುವುದನ್ನೆಲ್ಲ ತಿಳಿಯಬಹುದು ಅಂತ ಹಾಳೆಯ ಮೂಲೆಯಲ್ಲಿ ಒಂದು ಸಾಲಿತ್ತು. ಕೋಟೆಯಲ್ಲಿ ಎಷ್ಟು ಕಾವಲುಗಾರರು, ಬಾಗಿಲು ಎಲ್ಲಿ, ಯಾರು ನಿದ್ದೆ ಮಾಡಿದ್ದಾರೆ, ಎಲ್ಲ ಹುಳ ಹೇಳಿಬಿಟ್ಟವು. ಮುಂದೆ ಹೋಗಿ ಇಣುಕಿ ಬರುವುದು ರೋಗ್‌ನ ಜೀವ. ಅದೇ ಹೋಯಿತು.

ಇದನ್ನು ಸರಿ ಮಾಡಿದ ರೀತಿ ನನಗೆ ಬಹಳ ಹಿಡಿಸಿತು, ಅದು ಅವಳದೇ ಯೋಚನೆ. ಜೇನುಹುಳ ಗೂಡಿಗೆ ಬಂದು ಕುಣಿದು ತನ್ನ ಜೊತೆಯವರಿಗೆ ಹೂವಿನ ಸುದ್ದಿ ಹೇಳುತ್ತದೆ. ಆ ಕುಣಿತವನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ಕುಣಿತದಲ್ಲಿ ಮುಖ್ಯವಾಗಿ ಇರುವುದು ಎರಡು ಸುದ್ದಿ. ಯಾವ ದಿಕ್ಕು, ಎಷ್ಟು ದೂರ. ಹಾಗಾದರೆ ಆಟದ ಹುಳವೂ ಅಷ್ಟೇ ಹೇಳಲಿ ಅಂದಳು. ಹೂವು, ನೀರು, ಹೊಗೆ, ಈ ಮೂರರಲ್ಲಿ ಒಂದನ್ನು ಕೇಳಬಹುದು. ದಿಕ್ಕು ಮತ್ತು ದೂರ ಸಿಗುತ್ತದೆ. ಆ ಹೊಗೆ ಹಾಕಿದವರು ಯಾರು, ಎಷ್ಟು ಜನ, ಕೈಯಲ್ಲಿ ಏನಿದೆ ಅಂತ ನೋಡಲು ರೋಗ್ ಹೋಗಬೇಕು. ಈಗ ಜೇನುಗಾರ ಇದ್ದರೆ ರೋಗ್‌ಗೆ ಕೆಲಸ ಜಾಸ್ತಿ.

ಕಾಳಗದ ಹಿಂಡನ್ನೂ ತಿದ್ದಿದೆವು. ಒಂದು ಶಾರ್ಟ್ ರೆಸ್ಟ್‌ಗೆ ಎರಡು ಸಲ. ಎದ್ದ ಹಿಂಡು ಒಂದು ನಿಮಿಷ ಇರುತ್ತದೆ, ಆದರೆ ಅಷ್ಟು ಹೊತ್ತೂ ಜೇನುಗಾರ ಕಾನ್ಸಂಟ್ರೇಷನ್, ಅಂದರೆ ಅದರ ಮೇಲೇ ಗಮನ, ಹಿಡಿದಿರಬೇಕು. ಏಟು ತಿಂದು ಅದು ತಪ್ಪಿದರೆ ಹುಳ ಚದುರುತ್ತದೆ. ಹುಳ ಮುತ್ತಿದವನು ಪ್ರತಿ ಸುತ್ತು 15ರ ಕಾನ್‌ಸ್ಟಿಟ್ಯೂಷನ್ ಸೇವ್ ಮಾಡುತ್ತಾನೆ. ಸೋತರೆ ಪೂರ್ತಿ ಡ್ಯಾಮೇಜ್, ಜೊತೆಗೆ ಮುಂದಿನ ಒಂದೇ ಒಂದು ಏಟಿಗೆ ಡಿಸ್‌ಅಡ್ವಾಂಟೇಜ್. ಗೆದ್ದರೆ ಅರ್ಧ ಡ್ಯಾಮೇಜ್ ಅಷ್ಟೇ. +2 ಸೇವ್ ಇರುವ ಶತ್ರುವಿನ ಮೇಲೆ ಹುಳದ ಸರಾಸರಿ 7.2, ಬಾಣ ಸೇರಿ 12ರ ಮೇಲೆ ಚೂರು. ರೋಗ್‌ನ ಪಕ್ಕಕ್ಕೆ ಬಂದು ನಿಂತಿತು. ಗಟ್ಟಿ ಕವಚದವನ ಮೇಲೆ 10.7, ಫೈಟರ್‌ಗೆ 10.6. ಗಟ್ಟಿ ಕವಚದವರು ಸಾಮಾನ್ಯವಾಗಿ ಗಟ್ಟಿ ದೇಹದವರೂ ಆಗಿರುತ್ತಾರೆ, ಹಾಗಾಗಿ ಆಟದಲ್ಲಿ ಫೈಟರ್ ಒಂದು ಹೆಜ್ಜೆ ಮುಂದೆಯೇ ಇದ್ದಾನೆ.

ಹನ್ನೊಂದನೇ ಲೆವೆಲ್ ಇನ್ನೂ ಬಾಕಿ. ಅಲ್ಲಿ ಫೈಟರ್‌ಗೆ ಮೂರನೇ ಏಟು ಬರುತ್ತದೆ, ವಿಝರ್ಡ್‌ಗೆ ಆರನೇ ಹಂತದ ಮಂತ್ರ. ಜೇನುಗಾರನಿಗೆ ಹೆಜ್ಜೇನು ಕೊಡಬೇಕು ಅನ್ನೋದು ಅವಳ ಆಸೆ. ಒಬ್ಬನ ಬದಲು ಒಂದು ಜಾಗವನ್ನೇ ಮುತ್ತುವ ಹಿಂಡು, ಒಳಗೆ ಸಿಕ್ಕವರು ನಮ್ಮವರಾದರೂ ಕಡಿತ ತಿನ್ನಬೇಕು. ಮುಂದಿನ ಸಲ ಅದನ್ನು ಆಡಿಸಿ ನೋಡುತ್ತೇವೆ. ಹಾಳೆ ಈ ಸಲ ಫೈಟರ್ ಆಡುವವನ ಕೈಯಲ್ಲಿದೆ.